ನಡುವೆ ಸಡಿಲಗೊಂಡ ಸೈಕಲಾಜಿಕಲ್ ಥ್ರಿಲ್ಲರ್ ಅನ್ನು ತಿದ್ದುವ ಬಗೆ

ಮೊದಲ ಐವತ್ತು ಪುಟ ಬಿಗಿಯಾಗಿದ್ದು ಆಮೇಲೆ ಜಾಳಾದ ಥ್ರಿಲ್ಲರ್ ಕೈಯಲ್ಲಿದ್ದರೆ ಭಾಷೆ ತಿದ್ದಲು ಆತುರಪಡಬೇಡಿ. ಓದುಗರಿಗೆ ಯಾವ ಸಂಗತಿ ಯಾವಾಗ ತಿಳಿಯುತ್ತದೆ ಎಂಬ ಲೆಕ್ಕ ತಪ್ಪಿರುವುದೇ ಹೆಚ್ಚು.

ಉದ್ದ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದು ದೃಶ್ಯಕ್ಕೊಂದು ಸಾಲು ಬರೆಯಿರಿ: ಏನು ನಡೆಯಿತು, ನಿರೂಪಕಿ ಏನು ಹೇಳಿದಳು, ನಿಜ ಏನು, ಓದುಗರು ಈಗ ಏನು ನಂಬಿದ್ದಾರೆ. ನಾಲ್ಕನೇ ಕಾಲಂ ಸತತ ಮೂರು ದೃಶ್ಯಗಳಲ್ಲಿ ಬದಲಾಗದಿದ್ದರೆ ಕಥೆ ನಿಂತಿರುವುದು ಅಲ್ಲೇ. ಮೂರನ್ನೂ ಒಂದೇ ದೃಶ್ಯಕ್ಕೆ ಇಳಿಸಿ. ಆ ಜಾಗಕ್ಕೆ ಇನ್ನೊಂದು ಕೊಲೆ ತಂದರೆ ಪುಟ ಹೆಚ್ಚುತ್ತದೆ, ಭಯ ಹೆಚ್ಚುವುದಿಲ್ಲ.

ನಿರೂಪಕಿ ಸತ್ಯ ಮುಚ್ಚಿಡಬಹುದು, ಆದರೆ ಅವಳ ಪ್ರತಿ ವಾಕ್ಯವೂ ಎರಡನೇ ಓದಿಗೆ ನಿಲ್ಲಬೇಕು. ‘ರಾತ್ರಿ ಹತ್ತಕ್ಕೆ ಚಿಲಕ ಹಾಕಿದೆ. ಬೆಳಿಗ್ಗೆ ಹಾಲಿನವನು ಬಂದಾಗ ಚಿಲಕ ಹಾಕಿಯೇ ಇತ್ತು.’ ಇದರಲ್ಲಿ ಸುಳ್ಳಿಲ್ಲ. ನಡುರಾತ್ರಿ ಚಿಲಕ ತೆಗೆದಳೇ ಎಂಬುದನ್ನು ಅವಳು ಹೇಳಲಿಲ್ಲ, ನಾವು ಕೇಳಲಿಲ್ಲ. ಅದೇ ‘ರಾತ್ರಿಯೆಲ್ಲ ಮನೆಯಲ್ಲೇ ಇದ್ದೆ’ ಎಂದು ಬರೆದು ಕೊನೆಗೆ ತಿರುಗಿಸಿದರೆ, ಅದು ಲೇಖಕರು ಮಾಡಿದ ಮೋಸ.

ಕಥೆಗೆ ಬೇಕಾದಷ್ಟು ಮರೆವನ್ನು ಮಾತ್ರೆಯ ತಲೆಗೆ ಕಟ್ಟಬೇಡಿ. ಆತಂಕ ತಗ್ಗಿಸುವ ಅಲ್‌ಪ್ರಾಜೋಲಮ್ ಮಾತ್ರೆ ನುಂಗಿದ ನಂತರದ ಕೆಲವು ಗಂಟೆಗಳ ನೆನಪು ಉಳಿಯದೇ ಹೋಗಬಹುದು. ಹೋದ ವಾರದ ನೆನಪು ಅದರಿಂದ ಅಳಿಸದು. ಸ್ಕಿಜೋಫ್ರೇನಿಯಾ ಎಂದರೆ ಒಬ್ಬರೊಳಗೆ ಇಬ್ಬರಿರುವುದು ಎಂದೂ ಬರೆಯಬೇಡಿ. ಕಾಯಿಲೆಯನ್ನೇ ಕೊಲೆಯ ಕಾರಣವಾಗಿಸಿ ಕಥೆ ಮುಗಿಸುವುದು ಆ ಕಾಯಿಲೆಯೊಂದಿಗೆ ಬದುಕುತ್ತಿರುವವರಿಗೆ ಮಾಡುವ ಅನ್ಯಾಯ.

ಗಂಡ ಒಂದು ಸಹಿ ಹಾಕಿ ಹೆಂಡತಿಯನ್ನು ಮಾನಸಿಕ ಆಸ್ಪತ್ರೆಗೆ ತಳ್ಳುವ ದೃಶ್ಯ ಇಂದಿನ ಕರ್ನಾಟಕದ ಕಥೆಯಲ್ಲಿ ನಿಲ್ಲದು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಒಪ್ಪದ ರೋಗಿಯನ್ನು ದಾಖಲಿಸಲು ನಾಮನಿರ್ದೇಶಿತ ಪ್ರತಿನಿಧಿಯ (ರೋಗಿಯ ಪರವಾಗಿ ನಿಲ್ಲಲು ಗೊತ್ತಾದ ವ್ಯಕ್ತಿಯ) ಅರ್ಜಿ ಬೇಕು, ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಬೇಕು, ಅವರಲ್ಲೊಬ್ಬರು ಮನೋವೈದ್ಯರಾಗಿರಬೇಕು. ಮೊದಲ ದಾಖಲಾತಿಯ ಮಿತಿ 30 ದಿನ. ಇದನ್ನು ಅಡ್ಡಿ ಎಂದುಕೊಳ್ಳಬೇಡಿ. ಒಬ್ಬ ವೈದ್ಯರು ನಂಬಿ, ಇನ್ನೊಬ್ಬರು ಅನುಮಾನಿಸಿ, ದಿನಗಳು ಕಳೆಯುತ್ತಾ ಹೋದರೆ ಸೊರಗಿದ ನಡುಭಾಗಕ್ಕೆ ಬೇಕಾದ ಒತ್ತಡ ಅಲ್ಲೇ ಸಿಗುತ್ತದೆ.

ಕೊನೆಯ ಅಧ್ಯಾಯದಲ್ಲಿ ಖಳ ಠಾಣೆಯಲ್ಲಿ ಕೂತು ಎಲ್ಲವನ್ನೂ ಒಪ್ಪಿಕೊಳ್ಳುವ ಮುಕ್ತಾಯವನ್ನು ಕಿತ್ತುಹಾಕಿ. ಪೊಲೀಸರೆದುರಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ ಹೇಳುವುದು ಇದನ್ನೇ. ಕಸ್ಟಡಿಯಲ್ಲಿದ್ದವನು ಕೊಟ್ಟ ಮಾಹಿತಿಯಿಂದ ವಸ್ತುವೊಂದು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದ ಮಾತಿಗೆ ಮಾತ್ರ ಬೆಲೆ. ಹಾಗಾಗಿ ಆ ವಸ್ತುವನ್ನು ಮೊದಲ ಮೂರನೇ ಒಂದು ಭಾಗದಲ್ಲೇ ತೋರಿಸಿ, ಅದೂ ಜಗಳವೋ ಫೋನ್ ಕರೆಯೋ ಓದುಗರ ಗಮನ ಸೆಳೆದಿರುವ ಪ್ಯಾರಾದ ನಡುವಿನಲ್ಲಿ. ಪ್ಯಾರಾದ ಕೊನೆಗೆ ಇಟ್ಟರೆ ಕಣ್ಣಿಗೆ ಹೊಡೆಯುತ್ತದೆ.