ಪಾಪುವಿನ ಕುಂಡಿ ಕೆಂಪಾಗಿದೆಯೇ? ಮೊದಲು ಒಣಗಲು ಬಿಡಿ

ಡೈಪರ್ ಬಿಚ್ಚಿದರೆ ಕೆಂಪು ಕೆಂಪು. ಒರೆಸಲು ಕೈ ಹಾಕಿದರೆ ಚೀರಾಟ. ಗಾಬರಿಯಾಗಬೇಡಿ, ಡೈಪರ್ ರ‍್ಯಾಶ್ ತುಂಬಾ ಸಾಮಾನ್ಯ. ಸರಿಯಾಗಿ ನೋಡಿಕೊಂಡರೆ ಹೆಚ್ಚಿನ ಸಲ ಎರಡು-ಮೂರು ದಿನದಲ್ಲಿ ಮನೆಯಲ್ಲೇ ಇಳಿಯುತ್ತದೆ. ಎಷ್ಟೋ ಅಪ್ಪ ಅಮ್ಮಂದಿರು ಸೀದಾ ಕ್ರೀಮ್ ಹುಡುಕಲು ಓಡುತ್ತಾರೆ. ಅದು ಆಮೇಲಿನ ಮಾತು.

ಯಾಕೆ ಹೀಗಾಗುತ್ತದೆ ಗೊತ್ತಾ? ಹೊತ್ತುಗಟ್ಟಲೆ ಒದ್ದೆಯಾಗಿದ್ದ ಚರ್ಮ ಮೆತ್ತಗಾಗುತ್ತದೆ, ಡೈಪರ್ ಉಜ್ಜಿದರೆ ಬೇಗ ಕಿತ್ತುಬರುತ್ತದೆ. ಉಚ್ಚೆಯ ಜೊತೆ ಕಕ್ಕವೂ ಸೇರಿದರಂತೂ ಕಷ್ಟ. ಉಚ್ಚೆಯಲ್ಲಿರುವ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ಅದರಿಂದ ಕಕ್ಕದಲ್ಲಿ ಉಳಿದ ಜೀರ್ಣರಸಗಳಿಗೆ ಚುರುಕು ಬಂದು, ಅವು ಚರ್ಮವನ್ನೇ ಕೊರೆಯಲು ಶುರು ಮಾಡುತ್ತವೆ. ಭೇದಿಯಾದಾಗ ರ‍್ಯಾಶ್ ಜಾಸ್ತಿ ಆಗುವುದು ಇದಕ್ಕೇ.

ಹಾಗಾಗಿ ಮೊದಲ ಕೆಲಸ, ಡೈಪರ್ ಬೇಗ ಬೇಗ ಬದಲಿಸುವುದು. ಎರಡು-ಮೂರು ಗಂಟೆಗೊಮ್ಮೆ ನೋಡಿ. ಕಕ್ಕ ಮಾಡಿದ್ದರೆ ಒಂದು ನಿಮಿಷವೂ ಕಾಯಬೇಡಿ. ‘ಹನ್ನೆರಡು ಗಂಟೆ ಒಣಗಿರುತ್ತದೆ’ ಎಂದು ಪೊಟ್ಟಣದ ಮೇಲೆ ಬರೆದಿದ್ದರೂ ಅಷ್ಟು ಹೊತ್ತು ಬಿಡಬೇಕೆಂದೇನಿಲ್ಲ, ಅಲ್ವಾ? ರ‍್ಯಾಶ್ ಇರುವಷ್ಟು ದಿನ ರಾತ್ರಿಯೂ ಒಮ್ಮೆ ಬದಲಿಸಿ.

ಆಮೇಲೆ ತೊಳೆಯಿರಿ. ಉಗುರುಬೆಚ್ಚಗಿನ ನೀರು, ಮೆತ್ತನೆಯ ಬಟ್ಟೆ ಅಥವಾ ಹತ್ತಿ ಸಾಕು. ಪ್ರತಿ ಸಲ ಸೋಪು ಬೇಡ. ವೈಪ್ಸ್ ಬಳಸುವುದಾದರೆ ಸುವಾಸನೆ, ಆಲ್ಕೋಹಾಲ್ ಇಲ್ಲದ್ದನ್ನು ಆರಿಸಿ. ಹೆಣ್ಣುಮಗುವಿಗೆ ಮುಂದಿನಿಂದ ಹಿಂದಕ್ಕೆ ಒರೆಸಬೇಕು. ಚರ್ಮ ಕಿತ್ತುಹೋಗಿದ್ದರೆ ಒರೆಸಲೇಬೇಡಿ, ಸುಮ್ನೆ ನೀರು ಹುಯ್ದು ತೊಳೆಯಿರಿ.

ಈಗ ಒಣಗಿಸುವುದು. ಹೆಚ್ಚಿನವರು ಅವಸರ ಮಾಡುವುದು ಇಲ್ಲೇ. ಬಟ್ಟೆಯಿಂದ ಉಜ್ಜದೆ, ಮೆಲ್ಲಗೆ ಒತ್ತಿ ನೀರು ತೆಗೆಯಿರಿ. ತೊಡೆಸಂದಿಯ ಮಡಿಕೆಗಳನ್ನು ಬಿಡಿಸಿ ನೋಡಿ, ನೀರು ನಿಲ್ಲುವುದು ಅಲ್ಲೇ. ಆಮೇಲೆ ನೀರು ಹೀರುವ ಬಟ್ಟೆ ಹಾಸಿ, ಹತ್ತು-ಹದಿನೈದು ನಿಮಿಷ ಪಾಪುವನ್ನು ಹಾಗೇ ಬರಿಮೈಯಲ್ಲಿ ಆಡಲು ಬಿಡಿ. ದಿನಕ್ಕೆ ಮೂರ್ನಾಲ್ಕು ಸಲ ಹೀಗೆ ಗಾಳಿಯಾಡಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ನಡುವೆ ಹಾಸಿಗೆ ಒದ್ದೆಯಾಗುವುದು ಗ್ಯಾರಂಟಿ. ಆಗಲಿ ಬಿಡಿ.

ಪೂರ್ತಿ ಒಣಗಿದ ಮೇಲೆಯೇ ಕ್ರೀಮ್. ಝಿಂಕ್ ಆಕ್ಸೈಡ್ ಇರುವುದು ಅಥವಾ ಬರೀ ಪೆಟ್ರೋಲಿಯಂ ಜೆಲ್ಲಿ ಆದೀತು. ಚರ್ಮಕ್ಕೂ ಒದ್ದೆಗೂ ನಡುವೆ ಗೋಡೆ ಕಟ್ಟುವುದೇ ಇದರ ಕೆಲಸ. ಹಾಗಾಗಿ ತೆಳ್ಳಗೆ ಸವರಿ ತಿಕ್ಕಬೇಡಿ, ಗಾರೆ ಮೆತ್ತಿದಂತೆ ದಪ್ಪಗೆ ಹಚ್ಚಿ. ಮುಂದಿನ ಸಲ ಬದಲಿಸುವಾಗ ಮೇಲಿನ ಕೊಳೆಯಷ್ಟನ್ನೇ ತೆಗೆಯಿರಿ. ಅಡಿಯಲ್ಲಿ ಅಂಟಿಕೊಂಡ ಕ್ರೀಮ್ ಇರಲಿ, ಅದರ ಮೇಲೇ ಇನ್ನಷ್ಟು ಹಚ್ಚಿ. ಕ್ರೀಮ್ ಪೂರ್ತಿ ಹೋಗಲಿ ಎಂದು ಕೆರೆದರೆ ಮಾಯುತ್ತಿರುವ ಚರ್ಮವೂ ಜೊತೆಗೇ ಬರುತ್ತದೆ.

ಡೈಪರ್ ಸಡಿಲವಾಗಿ ಕಟ್ಟಿ. ಸೊಂಟದಲ್ಲಿ, ತೊಡೆಯಲ್ಲಿ ಗೆರೆ ಬಿದ್ದರೆ ಒಂದು ಸೈಜ್ ದೊಡ್ಡದು ಬೇಕು. ಬಟ್ಟೆಯ ಡೈಪರ್ ಆದರೆ ಸೋಪಿನ ಅಂಶ ಹೋಗುವವರೆಗೆ ಜಾಲಿಸಿ.

ಪೌಡರ್ ಬೇಡವೇ ಬೇಡ. ಅದರ ಧೂಳು ಮಗುವಿನ ಶ್ವಾಸಕೋಶಕ್ಕೆ ಹೋಗುತ್ತದೆ. ಮನೆಯಲ್ಲಿ ಯಾರಿಗೋ ಕಜ್ಜಿಗೆಂದು ತಂದಿಟ್ಟ ಸ್ಟೆರಾಯ್ಡ್ ಮುಲಾಮನ್ನೂ ಹಚ್ಚಬೇಡಿ. ಡೈಪರ್ ಮುಚ್ಚಿದ ಜಾಗದಲ್ಲಿ ಔಷಧಿ ಮೈಯೊಳಗೆ ಜಾಸ್ತಿ ಇಳಿಯುತ್ತದೆ.

ಇಷ್ಟು ಮಾಡಿದರೂ ಎರಡು-ಮೂರು ದಿನದಲ್ಲಿ ಇಳಿಯದಿದ್ದರೆ ಫಂಗಸ್ ಇರಬಹುದು. ಗುರುತು ಹಿಡಿಯುವುದು ಸುಲಭ. ಮಾಮೂಲಿ ರ‍್ಯಾಶ್ ಡೈಪರ್ ತಾಗುವ ಉಬ್ಬಿನ ಜಾಗದಲ್ಲಿರುತ್ತದೆ. ಫಂಗಸ್ ಆದರೆ ಮಡಿಕೆಗಳ ಒಳಗೂ ಕಡುಕೆಂಪು, ಅಂಚಿನಾಚೆ ಅಲ್ಲೊಂದು ಇಲ್ಲೊಂದು ಸಣ್ಣ ಗುಳ್ಳೆ. ಆಂಟಿಬಯೋಟಿಕ್ ಕೊಟ್ಟ ಮೇಲೆ ಇದು ಬರುವುದುಂಟು. ಇದಕ್ಕೆ ಬೇರೆ ಮುಲಾಮು ಬೇಕು, ಡಾಕ್ಟರೇ ಬರೆದುಕೊಡಬೇಕು. ಜ್ವರ, ಕೀವು, ನೀರುಗುಳ್ಳೆ, ರಕ್ತ ಕಂಡರೆ ಅಥವಾ ಕೂಸು ತೀರಾ ಎಳೆಯದಾಗಿದ್ದರೆ ಅಷ್ಟು ದಿನವೂ ಕಾಯಬೇಡಿ. ಹೊರಡುವಾಗ ಇದುವರೆಗೆ ಹಚ್ಚಿದ ಟ್ಯೂಬ್‌ಗಳನ್ನೆಲ್ಲ ಚೀಲಕ್ಕೆ ಹಾಕಿಕೊಳ್ಳಿ. ‘ಏನೇನು ಹಚ್ಚಿದ್ರಿ?’ ಎಂದು ಡಾಕ್ಟರ್ ಕೇಳದೆ ಇರುವುದಿಲ್ಲ.