ಮೆರವಣಿಗೆ ಫೋಟೋಗೆ ಕಾಲ ಗೊತ್ತುಮಾಡಿದ್ದು

ಹಳೇ ಮೈಸೂರಿನ ಫೋಟೋಗಳನ್ನು ಸ್ಕ್ಯಾನ್ ಮಾಡಿ ವಿವರ ಬರೆದಿಡುವುದು ನನ್ನ ಕೆಲಸ. ಈಚೆಗೆ ಪರಿಚಯದವರ ಮನೆಯ ಟ್ರಂಕಿನಿಂದ ಒಂದು ಪ್ರಿಂಟ್ ಬಂತು. ನಾಲ್ಕು ಕುದುರೆ ಕಟ್ಟಿದ ಅರಮನೆ ಸಾರೋಟು, ಮುಂದೆ ಭರ್ಜಿ ಹಿಡಿದ ಸವಾರರು, ಎರಡೂ ಕಡೆ ಜನ. ಹಿಂಬದಿಯಲ್ಲಿ ಪೆನ್ಸಿಲ್‌ನಲ್ಲಿ ‘ದಸರಾ’ ಅಂತಿತ್ತು. ಇಸವಿ ಇರಲಿಲ್ಲ.

ಇಂಥ ಚಿತ್ರ ಸಿಕ್ಕರೆ ಎಲ್ಲರ ಕಣ್ಣೂ ಸಾರೋಟಿನ ಮೇಲೆ. ನಾನು ನೋಡುವುದು ಬೀದಿಯನ್ನು. ಒಳ್ಳೆ ಸಾರೋಟು ಒಂದೆರಡು ತಲೆಮಾರು ಓಡುತ್ತದೆ, ಅದರಿಂದ ಕಾಲ ತಿಳಿಯೋದು ಕಷ್ಟ. ಬೀದಿ ಬದಲಾಗುತ್ತಲೇ ಇರುತ್ತದೆ.

ಹಳೇ ಕಪ್ಪು-ಬಿಳುಪು ಪ್ರಿಂಟಿನ ಚಿತ್ರ ಮೂಡುವುದೇ ಬೆಳ್ಳಿಯಿಂದ; ಇದರ ಅಂಚಿನಲ್ಲಿ ಆ ಬೆಳ್ಳಿ ಮೇಲೆದ್ದು ಹೊಳೆಯುತ್ತಿತ್ತು. ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದೆ, ನೀರು ಸೋಕಿಸಲಿಲ್ಲ. 1200 ಡಿಪಿಐನಲ್ಲಿ (ಇಂಚಿಗೆ 1200 ಚುಕ್ಕಿ) ಸ್ಕ್ಯಾನ್ ಮಾಡಿ, ವಿವರ ಕಳೆಯದಂತೆ ಟಿಫ್ ಫೈಲಾಗಿ ಇಟ್ಟುಕೊಂಡೆ.

ಮೊದಲು ಚಿತ್ರ ಎಡ-ಬಲ ತಿರುಗಿದೆಯಾ ಅಂತ ನೋಡಬೇಕು. ನೆಗೆಟಿವ್ ತಿರುವಿಟ್ಟು ಪ್ರಿಂಟ್ ಹಾಕಿರುವುದುಂಟು. ಕುದುರೆಯ ಮೇಲೇ ಕೂತು ಸಾರೋಟು ನಡೆಸುವವನು ಜೋಡಿಯ ಎಡಗಡೆ ಕುದುರೆ ಹತ್ತುವುದು ರೂಢಿ. ಇಲ್ಲೂ ಹಾಗೇ ಇದ್ದ. ಸರಿ, ಚಿತ್ರ ನೆಟ್ಟಗಿದೆ.

ಹಿಂದೆ ಕಾಣುವ ಕಟ್ಟಡ ರಂಗಾಚಾರ್ಲು ಪುರಭವನ. ಅದರೆದುರು ದೊಡ್ಡ ಗಡಿಯಾರ ಇರಬೇಕಾದ ಜಾಗ ಖಾಲಿ! ನಾಲ್ವಡಿಯವರ ಆಳ್ವಿಕೆಗೆ 25 ತುಂಬಿದ ನೆನಪಿಗೆ ಅರಮನೆ ನೌಕರರು ಅದನ್ನು ಕಟ್ಟಿಸಿದ್ದು 1927ರಲ್ಲಿ. ಅಂದ್ರೆ ಚಿತ್ರ ಅದಕ್ಕಿಂತ ಹಳೆಯದು. ಬೀದಿ ದೀಪದ ಕಂಬಕ್ಕೆ ಕರೆಂಟ್ ತಂತಿ ಎಳೆದಿದೆ. ಮೈಸೂರಿಗೆ ಕರೆಂಟ್ ಬಂದದ್ದು 1908ರಲ್ಲಿ. ಎರಡು ಕೊನೆಗಳೂ ಸಿಕ್ಕವು, ಅಲ್ವಾ?

‘ದಸರಾ’ ಅನ್ನೋದನ್ನು ಮಾತ್ರ ಒಪ್ಪಲಿಲ್ಲ. ವಿಜಯದಶಮಿಯ ಜಂಬೂಸವಾರಿಯಲ್ಲಿ ಮಹಾರಾಜರು ಕೂರುತ್ತಿದ್ದುದು ಆನೆ ಮೇಲಿನ ಅಂಬಾರಿಯಲ್ಲಿ. ಅರಮನೆ ಸಾರೋಟು ಬೇರೆ ಸಂದರ್ಭಗಳಲ್ಲೂ ಬೀದಿಗಿಳಿಯುತ್ತಿತ್ತು. ಸಾರೋಟು ಕಂಡ ಕೂಡಲೇ ದಸರಾ ಅಂತ ಬರೆಯುವ ಅಭ್ಯಾಸದಿಂದ ಎಷ್ಟೋ ಒಳ್ಳೆ ಚಿತ್ರಗಳ ವಿವರ ಕೆಟ್ಟಿದೆ.

ಮನೆಯವರು ಬಣ್ಣ ಹಾಕಿಸಿ, ಮುಖಗಳನ್ನೂ ಸ್ಪಷ್ಟ ಮಾಡಿಕೊಡಿ ಅಂದರು. ನಾನು ಬೇಡ ಅಂದೆ. ಮುಂದಿನ ಸಾಲಿನ ಹುಡುಗ ತಲೆ ತಿರುಗಿಸಿದ್ದಾನೆ, ಮುಖ ಕದಡಿದೆ. ಪಕ್ಕದ ಅಜ್ಜ ಅಲುಗಾಡಿಲ್ಲ, ಅವರ ಪೇಟದ ಮಡಿಕೆ ಎಣಿಸಬಹುದು. ಕಂಪ್ಯೂಟರ್ ಆ ಹುಡುಗನಿಗೆ ಕೊಡುವ ಮುಖ ಅವನದಾಗಿರುವುದಿಲ್ಲ.

ಕೊನೆಗೆ ಹೀಗೆ ಬರೆದೆ: ‘ಮೈಸೂರು, ಪುರಭವನದ ಬಳಿ ಅರಮನೆ ಸಾರೋಟು, 1908–1927.’ ಪೆನ್ಸಿಲ್ ಬರಹದ ಫೋಟೋ ತೆಗೆದು ಜೊತೆಗಿಟ್ಟೆ. ಪ್ರಿಂಟನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು, ಆಮ್ಲವಿಲ್ಲದ ಕಾಗದದಲ್ಲಿ ಸುತ್ತಿ ವಾಪಸ್ ಕೊಟ್ಟೆ.