ಸ್ಕಾಲರ್‌ಶಿಪ್ ನಿಂತುಹೋಯಿತಾ? ಮೇಲ್ಮನವಿ ಬರೆಯುವುದು ಹೀಗೆ

ಕಾಲೇಜು ಸ್ಕಾಲರ್‌ಶಿಪ್ ರದ್ದಾದಾಗ ಮಕ್ಕಳು ಬರೆಯುವ ಪತ್ರಗಳನ್ನು ನಾನು ಬಹಳ ಓದಿದ್ದೇನೆ. ಎಷ್ಟೋ ಸಲ ನ್ಯಾಯ ಮಕ್ಕಳ ಕಡೆಗೇ ಇರುತ್ತದೆ, ಆದರೂ ಪತ್ರ ಬಿದ್ದುಹೋಗುತ್ತದೆ. ಕಾಲೇಜು ‘ಹಾಜರಾತಿ ಸಾಲದು’ ಅಂದಿರುತ್ತದೆ. ವಿದ್ಯಾರ್ಥಿ ಎರಡು ಪುಟ ಮನೆಯ ಕಷ್ಟ ಬರೆದಿರುತ್ತಾನೆ. ಕಷ್ಟ ನಿಜವೇ. ಆದರೆ ಹಾಜರಾತಿಯ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲದಿದ್ದರೆ ಸಮಿತಿಯವರು ಯಾವುದರ ಮೇಲೆ ತೀರ್ಮಾನ ಬದಲಿಸಬೇಕು?

ಮೊದಲು ಹಣ ಕೊಡುತ್ತಿದ್ದವರು ಯಾರು ಅಂತ ನೋಡಿಕೊಳ್ಳಿ: ಕಾಲೇಜೋ, ಟ್ರಸ್ಟೋ, ಸರ್ಕಾರವೋ. ರಾಜ್ಯದ ಎಸ್‌ಎಸ್‌ಪಿಯಿಂದ (ಸ್ಟೇಟ್ ಸ್ಕಾಲರ್‌ಶಿಪ್ ಪೋರ್ಟಲ್) ಬರುವ ಹಣ ನಿಂತಿದ್ದರೆ ಅದು ರದ್ದಾಗಿಲ್ಲದೆಯೂ ಇರಬಹುದು. ಮೈಆಧಾರ್ ಪೋರ್ಟಲ್‌ಗೆ ಹೋಗಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್, ಅಂದರೆ ಸರ್ಕಾರದ ಹಣಕ್ಕೆ ನಿಮ್ಮ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಅನ್ನುವುದನ್ನು ನೋಡಿ. ಹೊಸ ಖಾತೆ ತೆರೆಯುವಾಗ ಆಧಾರ್ ಜೋಡಿಸಿದ್ದರೆ, ಹಣ ನಿಮಗೆ ಗೊತ್ತಿಲ್ಲದೆ ಆ ಖಾತೆಗೆ ಹೋಗಿರಬಹುದು. ಕೊನೆಗೆ ಸೀಡ್ ಆದ ಬ್ಯಾಂಕಿಗೇ ಅದು ಬೀಳುವುದು. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ತುಂಬಿದೆಯಾ, ಕಾಲೇಜಿನಲ್ಲಿ ಇ-ದೃಢೀಕರಣ (ದಾಖಲೆಗಳ ಆನ್‌ಲೈನ್ ದೃಢೀಕರಣ) ಆಗಿದೆಯಾ ಅಂತಲೂ ನೋಡಿ. ಇವು ತಿದ್ದುಪಡಿಯ ಕೆಲಸ, ಇದಕ್ಕೆ ಮೇಲ್ಮನವಿ ಬೇಡ. ನಾಡಕಚೇರಿ, ಬ್ಯಾಂಕು, ಕಾಲೇಜಿನ ಸ್ಕಾಲರ್‌ಶಿಪ್ ವಿಭಾಗದಲ್ಲೇ ಮುಗಿಯುತ್ತದೆ. ಮುಗಿಯದಿದ್ದರೆ 1902ಕ್ಕೆ ಕರೆ ಮಾಡಿ, ರಾಜ್ಯ ಸರ್ಕಾರದ ದೂರು ವ್ಯವಸ್ಥೆಯಾದ ಜನಸ್ಪಂದನದಲ್ಲಿ ದೂರು ದಾಖಲಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ನಿಜವಾಗಿ ರದ್ದಾಗಿದ್ದರೆ ಕಾರಣವನ್ನು ಬರಹದಲ್ಲಿ ಪಡೆಯಿರಿ. ‘ನಿಂದು ಕಟ್ ಆಗಿದೆ’ ಅಂತ ಕಿಟಕಿಯಲ್ಲಿ ಹೇಳಿದ ಮಾತಿನ ಮೇಲೆ ಮನವಿ ಬರೆಯಬೇಡಿ. ಸ್ಕಾಲರ್‌ಶಿಪ್ ವಿಭಾಗಕ್ಕೆ ಒಂದು ಇಮೇಲ್ ಹಾಕಿ ಎರಡೇ ಪ್ರಶ್ನೆ ಕೇಳಿ: ಯಾವ ನಿಯಮದಡಿ ರದ್ದಾಗಿದೆ, ಮನವಿಗೆ ಕೊನೆಯ ದಿನ ಯಾವುದು. ಸರ್ಕಾರಿ ಕಾಲೇಜಾದರೆ ಆರ್‌ಟಿಐ ಅರ್ಜಿಯೂ ಹಾಕಬಹುದು, 10 ರೂಪಾಯಿ ಶುಲ್ಕ. ಆದರೆ ಉತ್ತರಕ್ಕೆ 30 ದಿನ ಅವಕಾಶ ಇರುತ್ತದೆ, ಅಷ್ಟರಲ್ಲಿ ನಿಮ್ಮ ಗಡುವು ದಾಟಬಹುದು. ಅದನ್ನೇ ನಂಬಿ ಕೂರಬೇಡಿ.

ಮೊದಲ ವರ್ಷ ಸಹಿ ಹಾಕಿದ ಷರತ್ತಿನ ಹಾಳೆಯನ್ನೂ ಹುಡುಕಿ ತೆಗೆಯಿರಿ. ಕೇಂದ್ರ ಸರ್ಕಾರದ ಸೆಂಟ್ರಲ್ ಸೆಕ್ಟರ್ ಸ್ಕಾಲರ್‌ಶಿಪ್ ಯೋಜನೆಯಲ್ಲಿ ನವೀಕರಣಕ್ಕೆ ಶೇ 50 ಅಂಕ, ಶೇ 75 ಹಾಜರಾತಿ ಬೇಕು. ಕಾಲೇಜುಗಳ ಷರತ್ತು ಒಂದೊಂದು ಕಡೆ ಒಂದೊಂದು ಥರ. ಒಂದು ಸೆಮಿಸ್ಟರಿನ ಎಸ್‌ಜಿಪಿಎ ನೋಡುತ್ತಾರೋ, ಒಟ್ಟು ಸಿಜಿಪಿಎ ನೋಡುತ್ತಾರೋ ಅನ್ನುವುದನ್ನು ಎರಡು ಸಲ ಓದಿ. ಹಾಳೆಯಲ್ಲಿ ಸಿಜಿಪಿಎ ಅಂತಿದ್ದು, ಆಫೀಸಿನವರು ಎಸ್‌ಜಿಪಿಎ ನೋಡಿ ಹೆಸರು ತೆಗೆದಿದ್ದರೆ ನಿಮ್ಮ ಮನವಿ ನಾಲ್ಕೇ ಸಾಲಿನಲ್ಲಿ ಮುಗಿಯುತ್ತದೆ.

ಇನ್ನು ಪತ್ರ. ಜಾಸ್ತಿ ಜನ ಎಡವುವುದು ಇಲ್ಲೇ.

ಮೇಲೆ ‘ವಿಷಯ’, ಅದರ ಕೆಳಗೆ ‘ಉಲ್ಲೇಖ’ ಅಂತ ಬರೆದು, ರದ್ದಿನ ಆದೇಶದ ಸಂಖ್ಯೆ ಮತ್ತು ದಿನಾಂಕ ಹಾಕಿ. ಮೊದಲ ಪ್ಯಾರಾದಲ್ಲಿ ಅವರು ಕೊಟ್ಟ ಕಾರಣವನ್ನು ಅವರದೇ ಮಾತಿನಲ್ಲಿ ಹೇಳಿ. ಎರಡನೆಯದರಲ್ಲಿ ಅದಕ್ಕೆ ಉತ್ತರ. ಡೆಂಗಿ ಜ್ವರದಿಂದ ಹಾಜರಾತಿ ಇಳಿದಿದೆ ಅಂತಿಟ್ಟುಕೊಳ್ಳಿ. ‘ನನಗೆ ಹುಷಾರಿರಲಿಲ್ಲ, ದಯವಿಟ್ಟು ಪರಿಗಣಿಸಿ’ ಅಂತ ಬರೆದರೆ ಸಮಿತಿಯವರ ಕೈಗೆ ಏನೂ ಸಿಗುವುದಿಲ್ಲ. ಹೀಗೆ ಬರೆಯಿರಿ:

‘ಈ ಸೆಮಿಸ್ಟರಿನಲ್ಲಿ ನಡೆದ 320 ತರಗತಿಗಳಲ್ಲಿ 228ಕ್ಕೆ ಹಾಜರಾಗಿದ್ದೇನೆ, ಅಂದರೆ ಶೇ 71.25. ಸೆಪ್ಟೆಂಬರ್ 12ರಿಂದ 24ರವರೆಗೆ ಡೆಂಗಿ ಜ್ವರಕ್ಕೆ ಚಿಕಿತ್ಸೆಯಲ್ಲಿದ್ದೆ. ಆ ದಿನಗಳಲ್ಲಿ 26 ತರಗತಿಗಳು ತಪ್ಪಿವೆ (ಅಡಕ 2: ಡಿಸ್ಚಾರ್ಜ್ ಸಮ್ಮರಿ, ಅಡಕ 3: ವಿಭಾಗದ ಹಾಜರಾತಿ ಪಟ್ಟಿ). ವೈದ್ಯಕೀಯ ಕಾರಣಕ್ಕೆ ಇವನ್ನು ಹಾಜರಾತಿ ಎಂದೇ ಪರಿಗಣಿಸಿದರೆ ನನ್ನ ಹಾಜರಾತಿ ಶೇ 79.4 ಆಗುತ್ತದೆ. ಷರತ್ತಿನಲ್ಲಿರುವುದು ಶೇ 75.’

ಓದುವವರು ಬೇರೆ ಲೆಕ್ಕ ಹಾಕಬೇಕಾಗಿಲ್ಲ, ಒಂದೊಂದು ಮಾತಿಗೂ ಒಂದೊಂದು ಕಾಗದ ಇದೆ. ಮೂರನೇ ಪ್ಯಾರಾದಲ್ಲಿ ಬೇಕಾದ್ದನ್ನು ನೇರವಾಗಿ ಕೇಳಿ: ಪೂರ್ತಿ ಮರಳಿಸಬೇಕೋ, ಅಥವಾ ಒಂದು ಸೆಮಿಸ್ಟರ್ ಷರತ್ತಿನ ಮೇಲೆ ಮುಂದುವರಿಸಬೇಕೋ. ಎರಡನೆಯದನ್ನು ಪರ್ಯಾಯವಾಗಿ ಕೇಳಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಪೂರ್ತಿ ಒಪ್ಪಲು ಹಿಂಜರಿಯುವ ಸಮಿತಿಯೂ ಇದಕ್ಕೆ ಒಪ್ಪಬಹುದು. ಮನೆಯ ಸ್ಥಿತಿ ಕೊನೆಗೆ, ಎರಡು ವಾಕ್ಯದಲ್ಲಿ, ಆದಾಯ ಪ್ರಮಾಣಪತ್ರದ ಜೊತೆ. ಇಡೀ ಪತ್ರ ಒಂದೇ ಪುಟ ಇರಲಿ.

ಅಂಕ ಕಡಿಮೆಯಾಗಿ ಸ್ಕಾಲರ್‌ಶಿಪ್ ಹೋಗಿದ್ದರೆ ಮೊದಲು ಮರುಮೌಲ್ಯಮಾಪನಕ್ಕೆ ಹಾಕಿ. ಅದರ ರಸೀದಿ ಲಗತ್ತಿಸಿ, ‘ಫಲಿತಾಂಶ ಬರುವವರೆಗೆ ನನ್ನ ಮನವಿಯನ್ನು ಬಾಕಿ ಇರಿಸಿ’ ಅಂತ ಒಂದು ಸಾಲು ಸೇರಿಸಿ. ಈ ಸಾಲು ಮರೆತವರು ಬಹಳ. ಮುಂದೆ ಅಂಕ ಹೆಚ್ಚಾದರೂ ಫೈಲು ಅಷ್ಟರಲ್ಲಿ ಮುಚ್ಚಿರುತ್ತದೆ.

ದುಡ್ಡು ಕೊಟ್ಟು ಮೆಡಿಕಲ್ ಸರ್ಟಿಫಿಕೇಟ್ ಮಾಡಿಸುವ ಯೋಚನೆಯನ್ನೇ ಮಾಡಬೇಡಿ. ಆಸ್ಪತ್ರೆಗೆ ಒಂದು ಫೋನ್ ಹೋದರೆ ಸಾಕು, ಸ್ಕಾಲರ್‌ಶಿಪ್ ಜೊತೆ ಸೀಟಿಗೂ ಕುತ್ತು ಬರಬಹುದು. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ ರೆಡಿ ಪತ್ರಗಳನ್ನೂ ಬಿಡಿ, ಒಂದೇ ಒಕ್ಕಣೆಯ ಹತ್ತು ಪತ್ರ ಬಂದರೆ ಯಾವುದಕ್ಕೂ ಬೆಲೆ ಇರುವುದಿಲ್ಲ. ಸೈಬರ್ ಸೆಂಟರ್‌ನಲ್ಲಿ ‘ಒಳಗಡೆ ಮಾತಾಡಿಸ್ತೀನಿ’ ಅಂತ ಹಣ ಕೇಳಿದರೆ ಎದ್ದು ಬನ್ನಿ. ಮೆಡಿಕಲ್ ಶಾಪಿನ ತೆಳು ಬಿಲ್ಲುಗಳ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುತ್ತದೆ, ಸಿಕ್ಕ ದಿನವೇ ಜೆರಾಕ್ಸ್ ಮಾಡಿಸಿ. ಸ್ಪೈರಲ್ ಬೈಂಡಿಂಗ್‌ಗೆ ಸುಮ್ನೆ ದುಡ್ಡು ಹಾಕಬೇಡಿ, ಒಂದು ಟ್ಯಾಗ್ ದಾರ ಸಾಕು. ಆಧಾರ್‌ನಲ್ಲಿ ಒಂದು ಇನಿಷಿಯಲ್, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಪತ್ರದಲ್ಲೇ ಹೇಳಿಬಿಡಿ.

ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸೀಲು, ಸಹಿ, ಇನ್‌ವರ್ಡ್ ನಂಬರ್ (ಪತ್ರ ಬಂದದ್ದಕ್ಕೆ ಕಚೇರಿ ಕೊಡುವ ಸಂಖ್ಯೆ) ಹಾಕಿಸಿಕೊಳ್ಳಿ. ‘ಇಟ್ಟು ಹೋಗಮ್ಮ, ನೋಡ್ತೀವಿ’ ಅಂದರೆ ಬಿಟ್ಟು ಬರಬೇಡಿ. ‘ಸರ್, ಒಂದು ಸೀಲ್ ಹಾಕಿಕೊಡಿ’ ಅಂತ ನಗುಮುಖದಿಂದಲೇ ಕೇಳಿ. ಅದೇ ಪತ್ರದ ಪಿಡಿಎಫ್ ಅನ್ನು ಆ ದಿನವೇ ಪ್ರಾಂಶುಪಾಲರಿಗೂ ಸ್ಕಾಲರ್‌ಶಿಪ್ ವಿಭಾಗಕ್ಕೂ ಇಮೇಲ್ ಮಾಡಿ.

ಉತ್ತರವೇ ಬರಲಿಲ್ಲ, ಇಲ್ಲವೇ ಕಾರಣ ಕೊಡದೆ ತಳ್ಳಿಹಾಕಿದರು ಅಂದರೆ ದಾರಿ ಇದೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2023ರ ನಿಯಮದ ಪ್ರಕಾರ ಕಾಲೇಜಿನಲ್ಲಿ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಸ್ಕಾಲರ್‌ಶಿಪ್ ಕೊಡದಿರುವುದು, ತಡ ಮಾಡುವುದು ಎರಡೂ ಅದರ ವ್ಯಾಪ್ತಿಗೆ ಬರುತ್ತವೆ. ಸಮಿತಿ ಸಾಧ್ಯವಾದಷ್ಟು 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅದು ಒಪ್ಪಿಗೆಯಾಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಒಂಬುಡ್ಸ್‌ಪರ್ಸನ್‌ಗೆ, ಅಂದರೆ ವಿದ್ಯಾರ್ಥಿಗಳ ಮೇಲ್ಮನವಿ ಕೇಳುವ ಅಧಿಕಾರಿಯ ಬಳಿಗೆ, ಹೋಗಬಹುದು. ಸೀಲು ಬಿದ್ದ ಪ್ರತಿ ಇಲ್ಲಿ ಬೇಕೇ ಬೇಕು. ಖಾಸಗಿ ಟ್ರಸ್ಟಿನ ಹಣಕ್ಕೆ ಈ ದಾರಿ ಇಲ್ಲ, ಟ್ರಸ್ಟಿಗೇ ಬರೆಯಬೇಕು.

ಇಷ್ಟರ ನಡುವೆ ಫೀಸಿನ ಕೊನೆಯ ದಿನ ಬಂದೇ ಬರುತ್ತದೆ. ಮನವಿ ಕೊಟ್ಟಿದ್ದೀನಲ್ಲ ಅಂತ ಸುಮ್ಮನಿರಬೇಡಿ. ‘ಮನವಿ ಇತ್ಯರ್ಥ ಆಗುವವರೆಗೆ ಕಂತಿನಲ್ಲಿ ಕಟ್ಟಲು ಅವಕಾಶ ಕೊಡಿ, ಪರೀಕ್ಷೆಗೆ ತಡೆ ಹಾಕಬೇಡಿ’ ಅಂತ ಪ್ರಾಂಶುಪಾಲರಿಗೆ ಬೇರೆಯೇ ಪತ್ರ ಕೊಡಿ. ಇನ್‌ವರ್ಡ್ ನಂಬರ್ ಇದಕ್ಕೂ ಹಾಕಿಸಿಕೊಳ್ಳಿ.